ಕಲ್ಲಡಿಯ ನಿಯೋಪರ್ಲಾ: ಮಲೆನಾಡಿನ ಹಳ್ಳದಲ್ಲಿ ಸ್ಟೋನ್‌ಫ್ಲೈ ಬದುಕನ್ನು ವರ್ಷಪೂರ್ತಿ ದಾಖಲಿಸುವ ಬಗೆ

ಮಲೆನಾಡಿನ ಹಳ್ಳದಲ್ಲಿ ನೀರು ನೊರೆಯೆದ್ದು ಹರಿಯುವ ಕಡೆ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎತ್ತಿ ಮಗುಚಿ ನೋಡಿ. ಚಪ್ಪಟೆ ಮೈಯ ಹಳದಿ-ಕಂದು ಹುಳುವೊಂದು ಕಲ್ಲನ್ನು ಬಿಡದೆ ಅವುಚಿಕೊಂಡು, ಬೆಳಕಿಲ್ಲದ ಅಂಚಿನತ್ತ ಸರಸರ ಸರಿಯುತ್ತದೆ. ಹಿಂಬದಿಯಲ್ಲಿ ಎರಡು ಎಳೆಬಾಲ, ಕಾಲಿನ ಬುಡದಲ್ಲಿ ಬಿಳಿ ಕುಚ್ಚು. ಇದು ಸ್ಟೋನ್‌ಫ್ಲೈ ಮರಿ. ಕಲ್ಲುನೊಣ ಎಂದು ಕರೆಯಲು ಅಡ್ಡಿಯಿಲ್ಲ, ಆದರೆ ನೊಣದ ಬಳಗಕ್ಕೂ ಇದಕ್ಕೂ ನಂಟಿಲ್ಲ. ಇದರ ಗಣವೇ ಬೇರೆ, ಹೆಸರು ಪ್ಲೆಕಾಪ್ಟೆರಾ. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಸಿಗುವವು ಹೆಚ್ಚಾಗಿ ಪರ್ಲಿಡೇ ಕುಟುಂಬದವು, ಅದರಲ್ಲೂ ನಿಯೋಪರ್ಲಾ ಎಂಬ ಕುಲಕ್ಕೆ ಸೇರಿದವು.

ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಸ್ಟೋನ್‌ಫ್ಲೈಗಳಿವೆ. ಬಹುಪಾಲು ಜಾತಿಗಳಿಗೆ ತಣ್ಣನೆಯ ನೀರೇ ಆಗಬೇಕು. ಭಾರತದಲ್ಲಿ ಹಿಮಾಲಯದ ತೊರೆಗಳಲ್ಲಿ ಇವುಗಳ ವೈವಿಧ್ಯ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕುಟುಂಬಗಳ ಸಂಖ್ಯೆ ಇಳಿಯುವುದು ಈ ಕಾರಣಕ್ಕೆ. ನಿಯೋಪರ್ಲಾ ಮಾತ್ರ ಬೆಚ್ಚನೆಯ ನೀರಿಗೂ ಒಗ್ಗಿಕೊಂಡಿದೆ. ಏಷ್ಯಾದ ದಕ್ಷಿಣ ಮತ್ತು ಪೂರ್ವ ಭಾಗ, ಸಹಾರಾದಿಂದ ಕೆಳಗಿನ ಆಫ್ರಿಕಾ, ಉತ್ತರ ಅಮೆರಿಕ, ಇಷ್ಟು ದೂರ ಹರಡಿರುವ ಕುಲವಿದು. 1905ರಲ್ಲಿ ಇದಕ್ಕೆ ಹೆಸರಿಟ್ಟವರು ಅಮೆರಿಕದ ಕೀಟಶಾಸ್ತ್ರಜ್ಞ ಜೇಮ್ಸ್ ನೀಡಮ್.

ಕುಲ ಇಷ್ಟು ವಿಶಾಲವಾಗಿ ಹರಡಿದ್ದರೂ ನಿಮ್ಮ ಊರಿನ ಹಳ್ಳದಲ್ಲಿ ಅದು ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ತಿಂಗಳು ರೆಕ್ಕೆ ಬಂದು ಹಾರುತ್ತದೆ, ಒಂದು ತಲೆಮಾರಿಗೆ ಎಷ್ಟು ಕಾಲ ಬೇಕು ಎಂಬುದನ್ನು ಹಳ್ಳಕ್ಕೆ ಇಳಿದವರೇ ಹೇಳಬೇಕು. ಅದಕ್ಕೆ ಪ್ರಯೋಗಾಲಯ ಬೇಡ. ಒಂದೇ ಜಾಗಕ್ಕೆ ಪ್ರತಿ ತಿಂಗಳೂ ಹೋಗಿ, ಒಂದೇ ಅಳತೆಯ ಶ್ರಮ ಹಾಕಿ, ಏನೂ ಸಿಗದ ದಿನವನ್ನೂ ಬರೆದಿಡುವ ಶಿಸ್ತು ಸಾಕು.

ಗುರುತು ತಪ್ಪಿದರೆ ಉಳಿದದ್ದೆಲ್ಲ ತಪ್ಪು

ಹೆಚ್ಚಿನವರು ಎಡವುವುದು ಮೇಫ್ಲೈ ಎಂಬ ಇನ್ನೊಂದು ಗಣದ ನೀರುಕೀಟದ ಮರಿಯ ಬಳಿ. ಮೂರು ಬಾಲವಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ ಎಂಬ ಸುಲಭ ಸೂತ್ರವನ್ನು ನಂಬಬೇಡಿ. ರಭಸದ ನೀರಿನಲ್ಲಿ, ಅದೇ ಕಲ್ಲಿನ ಮೇಲೆ ಬದುಕುವ ಎಪಿಯೋರಸ್‌ನಂಥ ಮೇಫ್ಲೈಗೂ ಎರಡೇ ಬಾಲ. ಬಾಲ ಮುರಿದುಹೋದ ಮರಿಗಳೂ ಬೇಕಾದಷ್ಟು ಸಿಗುತ್ತವೆ. ನೋಡಬೇಕಾದ್ದು ಕಾಲಿನ ತುದಿ ಮತ್ತು ಕಿವಿರು. 10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಪಾದದ ತುದಿ ನೋಡಿ: ಸ್ಟೋನ್‌ಫ್ಲೈಗೆ ಎರಡು ಕೊಕ್ಕೆ, ಮೇಫ್ಲೈಗೆ ಒಂದೇ. ಮೇಫ್ಲೈ ಮರಿಯ ಕಿವಿರುಗಳು ಹೊಟ್ಟೆಯ ಎರಡೂ ಬದಿಗೆ ಎಲೆಗಳಂತೆ ಸಾಲಾಗಿರುತ್ತವೆ. ಪರ್ಲಿಡೇ ಮರಿಗೆ ಅವು ಎದೆಭಾಗದ ಕೆಳಗೆ, ಕಾಲಿನ ಬುಡದಲ್ಲಿ ಹತ್ತಿಯ ಕುಚ್ಚಿನಂತಿರುತ್ತವೆ. ನೀರಿನಿಂದ ಎತ್ತಿದ ಕೂಡಲೇ ಕುಚ್ಚು ಮೈಗೆ ಅಂಟಿ ಕಾಣದಂತಾಗುತ್ತದೆ, ಆದ್ದರಿಂದ ತಟ್ಟೆಯ ನೀರಿನಲ್ಲಿ ಇಟ್ಟುಕೊಂಡೇ ನೋಡಿ.

ಮುಂದಿನ ಹೆಜ್ಜೆ ತಲೆ. ಎರಡು ದೊಡ್ಡ ಕಣ್ಣುಗಳ ನಡುವೆ ಚುಕ್ಕೆಯಂಥ ಸರಳಾಕ್ಷಿಗಳಿರುತ್ತವೆ. ಪರ್ಲಿಡೇ ಕುಟುಂಬದ ಅನೇಕ ಕುಲಗಳಿಗೆ ಮೂರು, ನಿಯೋಪರ್ಲಾಕ್ಕೆ ಸಾಮಾನ್ಯವಾಗಿ ಎರಡು. ದಕ್ಷಿಣ ಭಾರತದಲ್ಲೇ ಇರುವ ಫ್ಯಾನೋಪರ್ಲಾಕ್ಕೂ ಎರಡೇ ಎಂಬುದು ನೆನಪಿರಲಿ. ಹಾಗಾಗಿ ಮರಿಯನ್ನು ನೋಡಿ ಪುಸ್ತಕದಲ್ಲಿ ಬರೆಯಬಹುದಾದ್ದು “ಪರ್ಲಿಡೇ, ಎರಡು ಸರಳಾಕ್ಷಿ, ಬಹುಶಃ ನಿಯೋಪರ್ಲಾ” ಎಂದಷ್ಟೇ. ಜಾತಿಯ ಹೆಸರು ಬೇಕೆಂದರೆ ರೆಕ್ಕೆ ಬಂದ ಗಂಡಿನ ಜನನಾಂಗ ಮತ್ತು ಮೊಟ್ಟೆಯ ಮೇಲ್ಮೈ ಕೆತ್ತನೆ ಎರಡನ್ನೂ ತಜ್ಞರು ನೋಡಬೇಕು. ಫೋಟೋ ನೋಡಿ ಜಾತಿ ಹೇಳುವವರ ಮಾತಿಗೆ ಬೆಲೆ ಕೊಡಬೇಡಿ.

ಜಾಗ ಹಿಡಿಯುವುದು

ಒಂದೇ ಹಳ್ಳದ ಮೇಲೆ ಮೂರು ಜಾಗ ಆರಿಸಿ: ಕಾಡಿನಿಂದ ಹೊರಬೀಳುವಲ್ಲಿ ಒಂದು, ತೋಟ ಅಥವಾ ಗದ್ದೆ ದಾಟಿದ ಮೇಲೆ ಒಂದು, ದೊಡ್ಡ ಹೊಳೆಗೆ ಸೇರುವ ಮುನ್ನ ಇನ್ನೊಂದು. ಪ್ರತಿ ಜಾಗವೂ 10 ಮೀಟರ್ ಉದ್ದವಿರಲಿ. ನೀರಿನ ಆಳ 10ರಿಂದ 40 ಸೆಂಟಿಮೀಟರ್, ತಳದಲ್ಲಿ ಮುಷ್ಟಿಯಿಂದ ತಲೆಯ ಗಾತ್ರದವರೆಗಿನ ಸಡಿಲ ಕಲ್ಲುಗಳಿರಬೇಕು. ಕಲ್ಲು ಎತ್ತಿದಾಗ ಅದರ ಕೆಳಗೆ ಬೆರಳು ತೂರುವಷ್ಟು ಟೊಳ್ಳು ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ಕಲ್ಲು ಅರ್ಧಕ್ಕರ್ಧ ಮರಳಿನಲ್ಲಿ ಹೂತಿದ್ದರೆ ಮರಿಗೆ ಇರಲು ಜಾಗವೇ ಇಲ್ಲ, ನೀರು ಎಷ್ಟೇ ತಿಳಿಯಾಗಿ ಕಂಡರೂ ಅಷ್ಟೆ.

ಮಡುಗಳನ್ನು ಬಿಡಿ. ಮರಿ ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಹಿಡಿದರೆ, 25 ಡಿಗ್ರಿಯ ನೀರು ಹಿಡಿಯುವುದು 8.3 ಮಿಲಿಗ್ರಾಂ ಮಾತ್ರ. 900 ಮೀಟರ್ ಎತ್ತರಕ್ಕೆ ಹೋದರೆ ಇದರಲ್ಲೂ ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ. ಈ ಕೊರತೆ ತುಂಬಿಕೊಡುವುದು ಕಲ್ಲಿಗೆ ಬಡಿದು ನೊರೆಯಾಗುವ ಹರಿವು, ಮತ್ತು ಬಿಸಿಲು ತಡೆಯುವ ದಂಡೆಯ ಮರಗಳು.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಪುಷ್ಪಗಿರಿ, ಬ್ರಹ್ಮಗಿರಿ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಳ್ಳಕ್ಕೆ ಇಳಿಯಬೇಡಿ. ತೋಟದಂಚಿನ ಹಳ್ಳವಾದರೂ ತೋಟದವರಿಗೆ ಮೊದಲೇ ಹೇಳಿ. ಬೋರ್ಡೋ (ಮೈಲುತುತ್ತ ಬೆರೆಸಿದ ಔಷಧಿ) ಹೊಡೆದ ದಿನ, ನೀರು ನಿಲ್ಲಿಸಲು ಹಳ್ಳಕ್ಕೆ ಕಟ್ಟ ಹಾಕಿದ ದಿನ ನಿಮಗೆ ಅವರಿಂದಲೇ ಗೊತ್ತಾಗಬೇಕು.

ಸಾಮಾನು

30 ಸೆಂಟಿಮೀಟರ್ ಅಗಲದ ಚೌಕಟ್ಟಿನ ಕೈಬಲೆ, ಅದಕ್ಕೆ ಅರ್ಧ ಮಿಲಿಮೀಟರ್ ಕಣ್ಣಿನ ನೈಲಾನ್ ಬಟ್ಟೆ. ಸೊಳ್ಳೆಪರದೆಯ ಬಟ್ಟೆ ಹೊಲಿದು ಕೆಲಸ ಮುಗಿಸಬೇಡಿ. ಅದರ ಕಣ್ಣು 1 ಮಿಲಿಮೀಟರಿಗೂ ದೊಡ್ಡದು. ಆಗತಾನೆ ಮೊಟ್ಟೆಯೊಡೆದ ಮರಿಗಳೆಲ್ಲ ನುಸುಳಿಹೋಗಿ, ಈ ಹಳ್ಳದಲ್ಲಿ ಚಿಕ್ಕ ಮರಿಗಳೇ ಇಲ್ಲವೆಂಬ ಸುಳ್ಳು ಲೆಕ್ಕ ನಿಮ್ಮ ಪುಸ್ತಕ ಸೇರುತ್ತದೆ. ಉಳಿದಂತೆ ಬಿಳಿ ಪ್ಲಾಸ್ಟಿಕ್ ತಟ್ಟೆ ಎರಡು, ಮೃದು ಕುಂಚ, ಚಮಚ, ಲೂಪ್, ಆಲ್ಕೋಹಾಲ್ ತುಂಬಿದ ಥರ್ಮಾಮೀಟರ್ (ಪಾದರಸದ್ದು ಒಡೆದರೆ ಹಳ್ಳಕ್ಕೇ ವಿಷ), ಲ್ಯಾಮಿನೇಟ್ ಮಾಡಿದ ಗ್ರಾಫ್ ಹಾಳೆ, ಪೆನ್ಸಿಲ್, ಪುಸ್ತಕ. ಇಂಬಳದ ಕಾಲದಲ್ಲಿ ಉದ್ದ ಕಾಲುಚೀಲ.

ತಿಂಗಳ ಭೇಟಿ

ತಿಂಗಳಿಗೊಮ್ಮೆ ಹೋಗಿ. ದಿನ ಎರಡು ಮೂರು ಆಚೀಚೆಯಾದರೂ ಹೊತ್ತು ಬದಲಾಗದಿರಲಿ, ಬೆಳಿಗ್ಗೆ 9ರಿಂದ 11 ಒಳ್ಳೆಯದು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಕಡೆ ಆಷಾಢದ ನೆರೆಯಲ್ಲಿ ಹಳ್ಳಕ್ಕೆ ಇಳಿಯುವ ಯೋಚನೆಯನ್ನೇ ಮಾಡಬೇಡಿ. ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಬಿಸಿಲಿದ್ದಾಗಲೇ ಕೆಂಪು ನೀರಾಗಿ ಬಂದುಬಿಡುತ್ತದೆ. ಆ ತಿಂಗಳ ಸಾಲಿನಲ್ಲಿ “ನೆರೆ, ಇಳಿಯಲಿಲ್ಲ” ಎಂದು ಬರೆದರೆ ಸಾಕು. ಅಲ್ಲಿ ಸೊನ್ನೆ ಬರೆಯಬಾರದು, ಹುಡುಕಿ ಸಿಗದಿದ್ದಾಗ ಮಾತ್ರ ಸೊನ್ನೆ.

1. ನೀರಿಗೆ ಇಳಿಯುವ ಮೊದಲು ಉಷ್ಣತೆ ಅಳೆಯಿರಿ. ಥರ್ಮಾಮೀಟರಿನ ತುದಿ ಹರಿವ ನೀರಿನಲ್ಲಿ, ನೆರಳಿನಲ್ಲಿ 2 ನಿಮಿಷ ಇರಲಿ. ಹೊರಗೆ ತೆಗೆದು ಓದಬೇಡಿ, ಮುಳುಗಿದ್ದಾಗಲೇ ಓದಿ.

2. ಕೆಳಗಿನ ಜಾಗದಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಇಳಿದು ಬಂದರೆ ನೀವು ಕಲಕಿದ ಕೆಸರು ಮತ್ತು ಕಿತ್ತುಬಂದ ಹುಳುಗಳು ಮುಂದಿನ ಬಲೆಗೆ ಬೀಳುತ್ತವೆ.

3. ಪ್ರತಿ ಜಾಗದಲ್ಲಿ 15ರಿಂದ 25 ಸೆಂಟಿಮೀಟರಿನ 20 ಕಲ್ಲು ಆರಿಸಿ. ಕಲ್ಲಿನ ಕೆಳಹರಿವಿನ ಕಡೆಗೆ ಬಲೆಯನ್ನು ತಳಕ್ಕೆ ಒತ್ತಿ ಹಿಡಿದು, ಆಮೇಲೆ ಕಲ್ಲನ್ನು ನಿಧಾನವಾಗಿ ಬಲೆಯೊಳಕ್ಕೇ ಹೊರಳಿಸಿ. ಮೊದಲು ಕಲ್ಲೆತ್ತಿ ಆಮೇಲೆ ಬಲೆ ಹುಡುಕಿದರೆ ಅರ್ಧ ಮರಿಗಳು ತೇಲಿಹೋಗಿರುತ್ತವೆ.

4. ತಟ್ಟೆಯಲ್ಲಿ ಎರಡು ಬೆರಳು ನೀರಿಟ್ಟುಕೊಂಡು ಕಲ್ಲಿನ ತಳವನ್ನು ಕುಂಚದಿಂದ ತೊಳೆಯಿರಿ. ಕಲ್ಲನ್ನು ಎತ್ತಿದ ಜಾಗದಲ್ಲೇ, ಅದೇ ಮಗ್ಗುಲಿಗೆ ಇಡಿ. ತಳ ಮೇಲಾದರೆ ಅಲ್ಲಿ ಅಂಟಿದ ಮೊಟ್ಟೆ, ಗೂಡುಗಳೆಲ್ಲ ಬಿಸಿಲಿಗೆ, ಮೀನಿಗೆ ಸಿಕ್ಕಿಬೀಳುತ್ತವೆ.

5. ಕಲ್ಲು ಮುಗಿದ ಮೇಲೆ ಐದು ಕಡೆ ಬಲೆ ಹಿಡಿದು, ಅದರ ಮೇಲ್ಗಡೆ ಒಂದು ಅಡಿ ಜಾಗವನ್ನು ಕಾಲಿನಿಂದ ಒಂದೊಂದು ನಿಮಿಷ ಕೆದಕಿ. ಕಲ್ಲಿನ ಸಂದಿಯ ತೀರಾ ಚಿಕ್ಕ ಮರಿಗಳು ಬರುವುದು ಇದರಲ್ಲಿ.

ತಟ್ಟೆಯಲ್ಲಿ ಮರಿಗಳನ್ನು ಗಮನಿಸುತ್ತಿರಿ. ಐದಾರು ನಿಮಿಷ ಕಳೆದು ನೀರು ಬೆಚ್ಚಗಾದಂತೆ ಕೆಲವು ಮರಿಗಳು ಕಾಲೂರಿ ನಿಂತು ಮೈಯನ್ನು ಮೇಲೆ ಕೆಳಗೆ ಆಡಿಸತೊಡಗುತ್ತವೆ, ದಂಡ ಹೊಡೆದಂತೆ. ಅದು ಏದುಸಿರು. ಹರಿವಿಲ್ಲದ ನೀರಿನಲ್ಲಿ ಕಿವಿರಿನ ಸುತ್ತ ಹೊಸ ನೀರು ಆಡಿಸಿಕೊಳ್ಳಲು ಅದು ಪಡುವ ಪಾಡು. ಕೂಡಲೇ ನೀರು ಬದಲಿಸಿ ತಟ್ಟೆಯನ್ನು ನೆರಳಿಗೆ ಸರಿಸಿ. ಇನ್ನೊಂದು ಎಚ್ಚರ: ಇವು ಬೇಟೆಗಾರ ಹುಳುಗಳು. ಎಳೆಯ ಮರಿಗಳು ಕೊಳೆತ ಎಲೆಚೂರು, ಪಾಚಿಯನ್ನೂ ತಿನ್ನುತ್ತವೆ, ಬೆಳೆದವು ಮೇಫ್ಲೈ ಮರಿ, ಕೈರೊನೊಮಿಡ್ ಹುಳುಗಳನ್ನು (ಸೊಳ್ಳೆಯಂಥ, ಕಚ್ಚದ ಸಣ್ಣ ಕೀಟದ ಮರಿಗಳು) ಹಿಡಿಯುತ್ತವೆ. ದೊಡ್ಡದನ್ನೂ ಚಿಕ್ಕದನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟರೆ ಲೆಕ್ಕ ಮುಗಿಯುವಷ್ಟರಲ್ಲಿ ಸಂಖ್ಯೆ ಇಳಿದಿರುತ್ತದೆ.

ತಲೆಯ ಅಗಲ

ಜೀವನಚಕ್ರದ ಗುಟ್ಟು ಬಿಚ್ಚುವುದು ಈ ಒಂದು ಅಳತೆಯಿಂದ. ಮೈಯುದ್ದ ಅಳೆಯಬೇಡಿ. ಹೊಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ, ಉಂಡಾಗ ಒಂದು, ಹೆದರಿದಾಗ ಇನ್ನೊಂದು. ತಲೆಯ ಚಿಪ್ಪು ಗಟ್ಟಿ, ಪೊರೆ ಕಳಚಿದಾಗ ಮಾತ್ರ ಹಿಗ್ಗುತ್ತದೆ. ಒಂದು ಕಣ್ಣಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಅಳೆಯಿರಿ.

ಗ್ರಾಫ್ ಹಾಳೆಯನ್ನು ತಟ್ಟೆಯ ತಳದಲ್ಲಿಟ್ಟು, ಮೈ ಮುಳುಗುವಷ್ಟೇ ನೀರು ಬಿಟ್ಟು, ಮೊಬೈಲನ್ನು ಹಾಳೆಗೆ ಸರಿಯಾಗಿ ಸಮಾನಾಂತರವಾಗಿ ಹಿಡಿದು ಫೋಟೋ ತೆಗೆಯಿರಿ. ಓರೆಯಾಗಿ ಹಿಡಿದರೆ ಅಳತೆ ಕೆಡುತ್ತದೆ. ನೀರು ಆಳವಾದರೂ ಕೆಡುತ್ತದೆ, ಮರಿ ಹಾಳೆಗಿಂತ ಮೇಲೆ ತೇಲಿ ದೊಡ್ಡದಾಗಿ ಕಾಣುತ್ತದೆ. ಮನೆಗೆ ಬಂದು ಫೋಟೋ ಹಿಗ್ಗಿಸಿ 1 ಮಿಲಿಮೀಟರಿನ ಗೆರೆಗೆ ಹೋಲಿಸಿ ಅಗಲ ಬರೆದುಕೊಳ್ಳಿ. ಮರಿಗಳು ಅಲ್ಲೇ ಹಳ್ಳಕ್ಕೆ ವಾಪಸ್. ಜೊತೆಗೆ ಎದೆಯ ಮೇಲಿನ ರೆಕ್ಕೆಮೊಗ್ಗಿನ ಬಣ್ಣವನ್ನೂ ಬರೆಯಿರಿ. ಅದು ಕಪ್ಪಿಟ್ಟಿದ್ದರೆ ಒಳಗೆ ಮಡಿಸಿದ ರೆಕ್ಕೆ ಸಿದ್ಧವಾಗಿದೆ, ಮರಿ ಇನ್ನು ಕೆಲವೇ ದಿನಗಳಲ್ಲಿ ನೀರು ಬಿಡುತ್ತದೆ ಎಂದರ್ಥ.

ತಿಂಗಳಿಗೆ ಕನಿಷ್ಠ 30 ಮರಿಗಳ ಅಳತೆ ಬೇಕು. ಕಾಲು ಮಿಲಿಮೀಟರಿನ ಗುಂಪುಗಳಾಗಿ ವಿಂಗಡಿಸಿ ಪ್ರತಿ ತಿಂಗಳಿಗೊಂದು ಕಂಬನಕ್ಷೆ ಬರೆದು, ಹನ್ನೆರಡನ್ನೂ ಒಂದರ ಕೆಳಗೊಂದು ಅಂಟಿಸಿ. ಉದಾಹರಣೆಗೆ, ನವೆಂಬರಿನಲ್ಲಿ ಹೆಚ್ಚಿನವು 1 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಆ ದಿಬ್ಬ ತಿಂಗಳಿಂದ ತಿಂಗಳಿಗೆ ಬಲಕ್ಕೆ ಸರಿಯುತ್ತಾ ಹೋಗಿ, ಕಪ್ಪು ಮೊಗ್ಗಿನ ಮರಿಗಳು ಕಂಡ ಮೇಲೆ ಒಮ್ಮೆಲೇ ಕರಗಿ, ಎಡತುದಿಯಲ್ಲಿ ಹೊಸ ದಿಬ್ಬ ಎದ್ದರೆ, ವರ್ಷಕ್ಕೊಂದು ತಲೆಮಾರು. ಎಲ್ಲ ತಿಂಗಳೂ ಎರಡು ಸ್ಪಷ್ಟ ದಿಬ್ಬಗಳು ಜೊತೆಯಾಗಿ ಸರಿದರೆ, ಮರಿಗೆ ಬೆಳೆಯಲು ಎರಡು ವರ್ಷ ಬೇಕಾಗುತ್ತಿರಬಹುದು. ಪ್ರತಿ ತಿಂಗಳೂ ಎಲ್ಲ ಅಳತೆಯವೂ ಸಿಕ್ಕಿ ದಿಬ್ಬವೇ ಏಳದಿದ್ದರೆ ನಿರಾಶರಾಗಬೇಡಿ. ಚಳಿಗಾಲದ ಹೊಡೆತವಿಲ್ಲದ ಉಷ್ಣವಲಯದ ಹಳ್ಳಗಳಲ್ಲಿ ಮೊಟ್ಟೆಯೊಡೆಯುವುದು, ರೆಕ್ಕೆ ಬರುವುದು ವರ್ಷದುದ್ದಕ್ಕೂ ಚದುರಿಕೊಳ್ಳುವುದು ಸಹಜ. ಆ ನಕ್ಷೆಯೂ ಒಂದು ಉತ್ತರವೇ.

ಇಲ್ಲಿ ಮೋಸ ಹೋಗುವ ದಾರಿಗಳು ಮೂರು. ಎರಡು ಜಾತಿಗಳನ್ನು ಒಂದೆಂದು ಬೆರೆಸಿದರೆ ಎರಡು ದಿಬ್ಬ ತಾನಾಗಿಯೇ ಬರುತ್ತದೆ. ತಲೆಯ ಮೇಲಿನ ಗುರುತಿನ ವಿನ್ಯಾಸ ಬೇರೆ ಕಂಡವನ್ನು ಬೇರೆ ಪಟ್ಟಿಯಲ್ಲೇ ಬರೆಯಿರಿ. ಬೆಳೆದ ಹೆಣ್ಣು ಗಂಡಿಗಿಂತ ದೊಡ್ಡದು, ಆದ್ದರಿಂದ ಕೊನೆಯ ಹಂತದಲ್ಲಿ ಮಾತ್ರ ದಿಬ್ಬ ಎರಡಾಗಿ ಸೀಳಿದರೆ ಅದನ್ನು ಎರಡು ತಲೆಮಾರು ಎಂದುಕೊಳ್ಳಬೇಡಿ. ಮೂರನೆಯದು, ತೀರಾ ಚಿಕ್ಕ ಮರಿಗಳು ತಳದ ಜಲ್ಲಿಯೊಳಗೆ ಆಳದಲ್ಲಿರುತ್ತವೆ. ನಕ್ಷೆಯ ಎಡತುದಿ ಯಾವಾಗಲೂ ನಿಜಕ್ಕಿಂತ ಬಡವಾಗಿಯೇ ಕಾಣುತ್ತದೆ. ಪೊರೆ ಕಳಚುವ ಹಂತಗಳನ್ನು ಎಣಿಸಲು ಹೋಗಬೇಡಿ. ಸ್ಟೋನ್‌ಫ್ಲೈಗಳಲ್ಲಿ ಅವು ಹತ್ತಿಪ್ಪತ್ತು ಇರುತ್ತವೆ, ಒಂದರ ಅಳತೆ ಇನ್ನೊಂದರೊಳಗೆ ಸೇರಿಹೋಗಿರುತ್ತದೆ.

ಬಂಡೆಯ ಮೇಲಿನ ಪೊರೆ

ಬೆಳೆದ ಮರಿ ಕತ್ತಲಲ್ಲಿ ನೀರಿನಿಂದ ಹತ್ತಿ ಬಂಡೆ, ಬೇರು, ಸೇತುವೆಯ ಕಂಬಕ್ಕೆ ಕಾಲೂರುತ್ತದೆ. ಬೆನ್ನು ಸೀಳಿ ರೆಕ್ಕೆಯ ಕೀಟ ಹೊರಬಂದ ಮೇಲೆ ಖಾಲಿ ಪೊರೆ ಅಲ್ಲೇ ಅಂಟಿರುತ್ತದೆ. ಇದಕ್ಕೆ ಗೂಡಿನ ಹಂತವಿಲ್ಲ, ಮರಿಯಿಂದ ನೇರ ರೆಕ್ಕೆಗೆ. ಪೊರೆಯನ್ನು ಬೆಳಕಿಗೆ ಹಿಡಿದರೆ ಬೆನ್ನಿನ ಸೀಳಿನಲ್ಲಿ ಬಿಳಿ ನೂಲಿನಂಥ ಎಳೆಗಳು ತೂಗುವುದು ಕಾಣುತ್ತದೆ. ಅವು ಉಸಿರ್ನಾಳಗಳ ಒಳಪದರ, ಕೀಟ ಹೊರಬರುವಾಗ ಅದನ್ನೂ ಕಳಚಿ ಬಂದಿರುತ್ತದೆ.

ಒಂದು ಜೀವಕ್ಕೂ ತೊಂದರೆ ಕೊಡದೆ ಹಾರುವ ಕಾಲ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಪ್ಪು ಮೊಗ್ಗಿನ ಮರಿ ಕಂಡ ತಿಂಗಳಿನಿಂದ ವಾರಕ್ಕೆರಡು ಬಾರಿ, ಬಿಸಿಲೇರುವ ಮೊದಲು, ಎರಡೂ ದಂಡೆಯ 10 ಮೀಟರಿನಲ್ಲಿ ನೀರಿನಿಂದ ಒಂದು ಮೀಟರ್ ಎತ್ತರದವರೆಗೆ ಹುಡುಕಿ, ಎಣಿಸಿ, ಎಲ್ಲವನ್ನೂ ಬಿಡಿಸಿಕೊಳ್ಳಿ. ಬಿಟ್ಟುಬಂದರೆ ಮುಂದಿನ ಸಲ ಅದನ್ನೇ ಮತ್ತೆ ಎಣಿಸುತ್ತೀರಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಬರೆದಿಡಿ, ಮಳೆ ಪೊರೆಯನ್ನು ತೊಳೆದುಬಿಡುತ್ತದೆ. ಕೊಡತಿ ಕೀಟದ ಪೊರೆಯೂ ಇದೇ ಬಂಡೆಗಳ ಮೇಲಿರುತ್ತದೆ, ಆದರೆ ಅದರ ಮುಖದ ಕೆಳಗೆ ಮಡಚಿದ ಮುಖವಾಡದಂಥ ತುಟಿ ಇರುತ್ತದೆ, ಉದ್ದನೆಯ ಎಳೆಬಾಲ ಇರುವುದಿಲ್ಲ.

ಬಿಳಿ ಪರದೆ ಮತ್ತು ಮೊಟ್ಟೆ

ಪರ್ಲಿಡೇ ಪ್ರೌಢ ಕೀಟಗಳು ರಾತ್ರಿ ಹಾರುತ್ತವೆ, ಬೆಳಕಿಗೆ ಬರುತ್ತವೆ. ಅಮಾವಾಸ್ಯೆಯ ಆಸುಪಾಸು, ಗಾಳಿಯಿಲ್ಲದ ಸಂಜೆ, ಹಳ್ಳದಿಂದ ಐದಾರು ಮೀಟರ್ ದೂರದಲ್ಲಿ ಬಿಳಿ ಪಂಚೆ ಕಟ್ಟಿ ನೇರಳಾತೀತ ದೀಪ ಹಚ್ಚಿ. ಕತ್ತಲಾದ ಮೇಲಿನ ಎರಡು ಗಂಟೆ ಸಾಕು. ರೆಕ್ಕೆಗಳನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಒಂದರ ಮೇಲೊಂದು ಮಡಿಸಿ ಕೂರುವುದು ಸ್ಟೋನ್‌ಫ್ಲೈ. ಮೇಫ್ಲೈ ರೆಕ್ಕೆ ನೆಟ್ಟಗೆ ನಿಲ್ಲಿಸುತ್ತದೆ, ನೀರಿನಲ್ಲೇ ಬೆಳೆಯುವ ಮತ್ತೊಂದು ಕೀಟ ಕ್ಯಾಡಿಸ್‌ಫ್ಲೈ ಹೆಂಚಿನ ಮಾಡಿನಂತೆ ಇಳಿಬಿಡುತ್ತದೆ. ಪರ್ಲಿಡೇ ಪ್ರೌಢಗಳಿಗೆ ಉಣ್ಣುವ ಕೆಲಸವಿಲ್ಲ, ಮರಿಯಾಗಿದ್ದಾಗ ಕೂಡಿಟ್ಟದ್ದರಲ್ಲೇ ಕೆಲವು ದಿನ ಬದುಕುತ್ತವೆ. ಆದ್ದರಿಂದ ನೋಡಿದ ಮೇಲೆ ದೀಪ ಆರಿಸಿಬಿಡಿ. ಪರದೆಗೆ ಅಂಟಿ ಕಳೆದ ಒಂದು ರಾತ್ರಿ ಅವುಗಳ ಪಾಲಿಗೆ ದೊಡ್ಡ ನಷ್ಟ.

ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆಗಳ ಉಂಡೆ ಕಾಣಬಹುದು. ಅದನ್ನು ಹೆಣ್ಣು ನೀರಿಗೆ ಮುಟ್ಟಿಸಿದೊಡನೆ ಉಂಡೆ ಚದುರಿ, ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಮೊಟ್ಟೆಗಳು ತಳಕ್ಕಿಳಿದು, ಒಂದು ತುದಿಯಲ್ಲಿರುವ ಅಂಟುಬಿಲ್ಲೆಯಿಂದ ಕಲ್ಲು ಕಚ್ಚಿಕೊಳ್ಳುತ್ತವೆ. ಹರಿವು ಅವನ್ನು ಕೊಚ್ಚಿಕೊಂಡು ಹೋಗದಿರುವುದು ಹೀಗೆ.

ಮರಿಗೆ ರೆಕ್ಕೆ ಬರಿಸಿ ನೋಡುವುದು

ಈ ಮರಿಯೇ ಆ ರೆಕ್ಕೆಯ ಕೀಟ ಎಂದು ಸಾಧಿಸಲು ಕಪ್ಪು ಮೊಗ್ಗಿನ ಮರಿಯನ್ನು ಹಳ್ಳದಲ್ಲೇ ಪಂಜರದಲ್ಲಿಡಿ. 10 ಸೆಂಟಿಮೀಟರ್ ವ್ಯಾಸದ, ಒಂದಡಿ ಉದ್ದದ ಪಿವಿಸಿ ಪೈಪಿನ ಎರಡೂ ತುದಿಗೆ ಬಲೆಬಟ್ಟೆ ಬಿಗಿದು, ಒಳಗೆ ಒರಟು ತೊಗಟೆಯ ಕಡ್ಡಿ ಇಟ್ಟು, ಅರ್ಧ ಮಾತ್ರ ಮುಳುಗುವಂತೆ ಹರಿವಿಗೆ ಓರೆಯಾಗಿ ಕಲ್ಲಿಗೆ ಕಟ್ಟಿ. ಒಂದು ಪಂಜರಕ್ಕೆ ಒಂದೇ ಮರಿ. ಪೂರ್ತಿ ಮುಳುಗಿದರೆ ಹತ್ತಲು ಜಾಗವಿಲ್ಲದೆ ಸಾಯುತ್ತದೆ, ನುಣುಪಾದ ಪೈಪಿನ ಗೋಡೆ ಒಂದೇ ಇದ್ದರೆ ಕಾಲೂರಲಾಗದೆ ಪೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತರಗೆಲೆ ಬಂದು ಬಲೆ ಕಟ್ಟಿಕೊಂಡರೆ ಒಳಗಿನ ನೀರು ನಿಂತು ಉಸಿರು ಕಟ್ಟುತ್ತದೆ, ಹಾಗಾಗಿ ದಿನಕ್ಕೊಮ್ಮೆ ಬಲೆ ಉಜ್ಜಿ. ಕೀಟ ಹೊರಬಂದಾಗ ಬೆಳ್ಳಗೆ, ಮೆತ್ತಗಿರುತ್ತದೆ. ಒಂದು ದಿನ ಮುಟ್ಟದೆ ಬಿಡಿ, ಬಣ್ಣ ಕೂಡಲಿ. ಮನೆಗೆ ತಂದು ನಲ್ಲಿನೀರಿನಲ್ಲಿ ಸಾಕುವ ಪ್ರಯತ್ನ ಬೇಡ, ಕ್ಲೋರಿನ್ ಅವನ್ನು ಉಳಿಸುವುದಿಲ್ಲ.

ಸೊನ್ನೆ ಬಂದಾಗ

ಮೇಲಿನ ಜಾಗದಲ್ಲಿ ಮರಿಗಳಿದ್ದು ತೋಟ ದಾಟಿದ ಮೇಲೆ ಇಲ್ಲವಾದರೆ ಕಾರಣ ಹುಡುಕಲೇಬೇಕು. ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ, ತಾಮ್ರ ನೀರಿನ ಕೀಟಗಳಿಗೆ ವಿಷ. ಅಡಿಕೆಗೊನೆಗೆ ಹೊಡೆದದ್ದಕ್ಕಿಂತ, ಉಳಿದ ದ್ರಾವಣ ಚೆಲ್ಲಿ ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ನೇರ ಬಂದಾಗ ಹಾನಿ ಹೆಚ್ಚು. ಕಾಫಿ ಸೀಮೆಯಲ್ಲಿ ನವೆಂಬರಿನಿಂದಾಚೆಗೆ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಬಂದರೆ, ಅದರ ಸಕ್ಕರೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಆಮ್ಲಜನಕವನ್ನು ಕುಡಿದುಬಿಡುತ್ತವೆ. ಬೇಸಿಗೆಗೆ ಮುನ್ನ ಹಾಕುವ ಕಟ್ಟದ ಹಿಂದೆ ಹರಿವು ಮಡುವಾಗುತ್ತದೆ, ಅಲ್ಲಿ ಸೊನ್ನೆ ಬರುವುದು ವಿಷದಿಂದಲ್ಲ. ರಸ್ತೆ ಅಗಲ ಮಾಡಿದ ಮಣ್ಣು ಮಾತ್ರ ಸದ್ದಿಲ್ಲದೆ ಕಲ್ಲಿನ ಸಂದಿ ತುಂಬುತ್ತದೆ, ಅದನ್ನು ತೊಳೆಯಲು ಒಂದು ಮಳೆಗಾಲ ಸಾಲದೆಯೂ ಹೋಗಬಹುದು. ನೀರಿನ ಗುಣಮಟ್ಟ ಅಳೆಯುವ ಬಿಎಂಡಬ್ಲ್ಯುಪಿ ಅಂಕಪದ್ಧತಿಯಲ್ಲಿ ಶುದ್ಧ ನೀರೇ ಬೇಕಾದ ಪರ್ಲಿಡೇಗೆ ಅತಿ ಹೆಚ್ಚಿನ 10 ಅಂಕ, ಕೊಳೆ ನೀರನ್ನೂ ತಾಳುವ ಕೈರೊನೊಮಿಡ್‌ಗೆ 2. ಇವೆರಡರ ಎಣಿಕೆಯನ್ನು ಮೂರೂ ಜಾಗಕ್ಕೆ ಪಕ್ಕಪಕ್ಕ ಬರೆದಿಟ್ಟರೆ ಪಂಚಾಯಿತಿಯ ಮುಂದೆ ಇಡಲು ಒಂದು ಆಧಾರ ಕೈಯಲ್ಲಿರುತ್ತದೆ.

ಬಾಟಲಿಯ ಚೀಟಿ

ಅನುಮತಿಯೊಂದಿಗೆ ಮಾದರಿ ಇಡುವುದಾದರೆ ರೆಕ್ಕೆಯ ಗಂಡು ಒಂದೆರಡು, ಮೊಟ್ಟೆಯಿರುವ ಹೆಣ್ಣು ಒಂದು, ಅಷ್ಟೇ ಸಾಕು. ಶೇಕಡಾ 80ರ ಎಥನಾಲ್, ಡಿಎನ್‌ಎ ಬೇಕಿದ್ದರೆ 95. ಕೀಟ, ಅದರ ಪೊರೆ, ಅದೇ ಹೆಣ್ಣಿನ ಮೊಟ್ಟೆ ಒಂದೇ ಬಾಟಲಿಯಲ್ಲಿರಲಿ, ಬೇರೆಯಾದರೆ ಯಾವುದು ಯಾರದೆಂದು ಮತ್ತೆ ಹೇಳಲಾಗದು. ಚೀಟಿ ಬಾಟಲಿಯ ಹೊರಗಲ್ಲ, ಒಳಗೆ. ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ. ಹಳ್ಳದ ಹೆಸರು, ಹಳ್ಳಿ, ತಾಲ್ಲೂಕು, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ನೀರಿನ ಉಷ್ಣತೆ, ಹಿಡಿದ ವಿಧಾನ, ಹಿಡಿದವರ ಹೆಸರು ಇರಲಿ. ಕೋಯಿಕ್ಕೋಡಿನಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಘಟ್ಟ ಪ್ರಾದೇಶಿಕ ಕೇಂದ್ರಕ್ಕೆ ಕಳಿಸುವ ಮುನ್ನ ಬರೆದು ಕೇಳಿ. ಫೋಟೋಗಳನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವಾಗ ಮೂರು ಚಿತ್ರಗಳಿರಲಿ: ಮೇಲಿನಿಂದ ಪೂರ್ತಿ ಮೈ, ತಲೆಯ ಸರಳಾಕ್ಷಿ, ನೀರಿನಲ್ಲಿ ಮಗುಚಿದಾಗ ಕಾಣುವ ಕಿವಿರಿನ ಕುಚ್ಚು.